ಹಿಂದೆ ಬರುವವರಿಗಾಗಿ ಬಿತ್ತಿದ ದಾರಿ

ಸ್ನೇಹಿತರೇ,

1844ರ ಜೂನ್ 27ರಂದು ಅಮೆರಿಕದ ಇಲಿನಾಯ್ ರಾಜ್ಯದ ಕಾರ್ತೇಜ್ ಸೆರೆಮನೆಗೆ ನುಗ್ಗಿದ ಗುಂಪೊಂದು ಮಾರ್ಮನ್ ಎಂಬ ಕ್ರೈಸ್ತ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಅವರನ್ನು ಗುಂಡಿಟ್ಟು ಕೊಂದಿತು. ಅಷ್ಟಕ್ಕೇ ಸುತ್ತಲಿನವರ ಹಗೆ ಆರಲಿಲ್ಲ. ಮಿಸಿಸಿಪ್ಪಿ ದಂಡೆಯಲ್ಲಿ ತಾವೇ ಕಟ್ಟಿದ್ದ ನೌವೂ ಪಟ್ಟಣವನ್ನು ಬಿಟ್ಟು 1846ರ ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಮಾರ್ಮನರು ಬ್ರಿಗ್ಯಾಮ್ ಯಂಗ್ ಅವರ ಮುಂದಾಳತ್ವದಲ್ಲಿ ಪಶ್ಚಿಮಕ್ಕೆ ಹೊರಟರು. ಅವರು ನೆಲೆಸಲಿದ್ದ, ಈಗಿನ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆಗೆ ಸುಮಾರು 2,100 ಕಿಲೋಮೀಟರ್.

ಆ ಕಾಲದಲ್ಲಿ ಆರೆಗಾನ್, ಕ್ಯಾಲಿಫೋರ್ನಿಯಾಗಳಿಗೂ ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಬಹುಪಾಲು ಅವರದು ತಮ್ಮ ತಮ್ಮ ಕುಟುಂಬದ ಪಯಣ. ಮಾರ್ಮನರು ಹಾಗಲ್ಲ, ಬೆನ್ನ ಹಿಂದೆ ಬರುವವರನ್ನು ನೆನೆದೇ ನಡೆದರು. ಅಯೋವಾದ ಗಾರ್ಡನ್ ಗ್ರೋವ್‌ನಲ್ಲಿ ಕಾಡು ಕಡಿದು ಬೇಲಿ ಹಾಕಿ ಬಿತ್ತನೆ ಮಾಡಿದರು. ಬಿತ್ತಿದವರಲ್ಲಿ ಅನೇಕರು ಆ ಬೆಳೆಯನ್ನು ಕೊಯ್ಯಲಿಲ್ಲ, ಮುಂದೆ ಸಾಗಿದರು. ನನ್ನನ್ನು ಈ ಚರಿತ್ರೆಯತ್ತ ಸೆಳೆದದ್ದು ಇದೇ.

1847ರಲ್ಲಿ ಆ ಕಣಿವೆಗೆ ಹೊರಟ ಮೊದಲ ತಂಡದಲ್ಲಿ ವಿಲಿಯಂ ಕ್ಲೇಟನ್ ಎಂಬ ಲೆಕ್ಕಿಗರಿದ್ದರು. ದಿನಕ್ಕೆ ಎಷ್ಟು ದೂರ ಬಂದೆವೆಂದು ಒಬ್ಬೊಬ್ಬರು ಒಂದೊಂದು ಅಂದಾಜು ಹೇಳುವುದು ಅವರಿಗೆ ಹಿಡಿಸಲಿಲ್ಲ. ಗಾಡಿಚಕ್ರದ ಸುತ್ತಳತೆ ತೆಗೆದರು: 14 ಅಡಿ 8 ಅಂಗುಲ. 360 ಸುತ್ತಿಗೆ ಒಂದು ಮೈಲಿ. ಚಕ್ರಕ್ಕೆ ಕೆಂಪು ಬಟ್ಟೆ ಕಟ್ಟಿ, ಮೇ 8ರಂದು ಇಡೀ ದಿನ ಗಾಡಿಯ ಪಕ್ಕದಲ್ಲೇ ನಡೆಯುತ್ತಾ 4,070 ಸುತ್ತು ಎಣಿಸಿದರು! ಆಮೇಲೆ ಅದೇ ತಂಡದ ಆರ್ಸನ್ ಪ್ರಾಟ್ ಅವರ ವಿನ್ಯಾಸದಂತೆ ಆ ಎಣಿಕೆಯನ್ನು ತಾನೇ ಮಾಡುವ ಮರದ ಹಲ್ಲುಚಕ್ರದ ಯಂತ್ರ ತಯಾರಾಯಿತು. ನೀರು, ಹುಲ್ಲು, ತಂಗುವ ಜಾಗಗಳ ದೂರವನ್ನೆಲ್ಲ ಕ್ಲೇಟನ್ 1848ರಲ್ಲಿ ಕೈಪಿಡಿಯಾಗಿ ಅಚ್ಚು ಹಾಕಿಸಿದರು.

ಆ ಮೊದಲ ತಂಡದಲ್ಲಿ ಗ್ರೀನ್ ಫ್ಲೇಕ್, ಹಾರ್ಕ್ ಲೇ, ಆಸ್ಕರ್ ಕ್ರಾಸ್ಬಿ ಎಂಬ ಮೂವರು ಕಪ್ಪುವರ್ಣೀಯ ಗುಲಾಮರೂ ದಾರಿ ಕಡಿದರು. ತಂಡ ನಡೆದದ್ದು ಖಾಲಿ ನೆಲದ ಮೇಲೂ ಅಲ್ಲ. ಒಮಾಹಾ, ಶೋಶೋನಿ, ಯೂಟ್ ಜನರ ನಾಡು ಅದು. ಇವರನ್ನು ಬಿಟ್ಟು ಹೇಳುವ ಕಥೆ ನಿಜವಾಗಲಾರದು.

ಹಿಂದೆ ಬರುವವರ ಬಗೆಗಿನ ಆ ಎಚ್ಚರ 1856ರಲ್ಲಿ ತಪ್ಪಿತು. ಎತ್ತು, ಗಾಡಿ ಕೊಳ್ಳಲಾಗದ ಯುರೋಪಿನ ಬಡ ವಲಸಿಗರಿಗೆ ಎರಡು ಗಾಲಿಯ ತಳ್ಳುಗಾಡಿ ಕೊಟ್ಟರು. ವಯಸ್ಕರಿಗೆ ತಲಾ 17 ಪೌಂಡ್ ಸಾಮಾನು, ಅಷ್ಟೇ. ವಿಲ್ಲಿ ಮತ್ತು ಮಾರ್ಟಿನ್ ಎಂಬವರ ಮುಂದಾಳತ್ವದ ಎರಡು ತಂಡಗಳು ತಡವಾಗಿ ಹೊರಟವು. ಹಸಿಮರದ ಗಾಡಿಗಳು ಒಣಹವೆಗೆ ಬಿರುಕುಬಿಟ್ಟವು. ಅಕ್ಟೋಬರ್‌ನಲ್ಲಿ ವಯೋಮಿಂಗ್‌ನ ಹಿಮ ಅವರನ್ನು ಹಿಡಿದಾಗ ಹಿಟ್ಟು ಮುಗಿಯುತ್ತಾ ಬಂದಿತ್ತು. ಸಾಲ್ಟ್ ಲೇಕ್‌ನಿಂದ ಹಿಟ್ಟು, ಕಂಬಳಿ ಹೊತ್ತ ಗಾಡಿಗಳು ಎದುರು ಧಾವಿಸಿದರೂ ಎರಡೂ ತಂಡಗಳಲ್ಲಿ 200ಕ್ಕೂ ಹೆಚ್ಚು ಮಂದಿ ಸತ್ತರು. ಇದನ್ನು ದೈವದ ಪರೀಕ್ಷೆ ಎನ್ನಲು ನನಗೆ ಮನಸ್ಸಿಲ್ಲ. ಹೊರಡಬೇಡಿ ಎಂದು ಗಟ್ಟಿಯಾಗಿ ಹೇಳಬೇಕಾದವರು ಹೇಳಲಿಲ್ಲ.

ತಳ್ಳುಗಾಡಿಗಳು 1860ರವರೆಗೂ ಬಂದವು. 1861ರಿಂದ ಕ್ರಮ ಬದಲಾಯಿತು. ವಸಂತದಲ್ಲಿ ಯೂಟಾದಿಂದಲೇ ಎತ್ತಿನಗಾಡಿಗಳು ಹೊರಟು, ಮರಳುವಾಗ ಬೇಕಾಗುವ ಹಿಟ್ಟನ್ನು ದಾರಿಯಲ್ಲಿ ದಾಸ್ತಾನು ಮಾಡುತ್ತಾ ಮಿಸೌರಿ ನದಿಯವರೆಗೆ ಹೋಗಿ, ಬಡವರನ್ನು ಕರೆತರತೊಡಗಿದವು. 1869ರಲ್ಲಿ ರೈಲು ಬರುವ ಹಿಂದಿನ ವರ್ಷದವರೆಗೂ ಆ ಗಾಡಿಗಳು ಓಡಾಡಿದವು.