ದಂಗ್‌ದುತ್: ಮೂಗು ಮುರಿದವರನ್ನೂ ಕುಣಿಸಿದ ಹಾಡು

ಎಲ್ಲರಿಗೂ ನಮಸ್ಕಾರ. ಇಂಡೊನೇಷ್ಯಾ ಅಂದ ಕೂಡಲೇ ನಮಗೆ ಬಾಲಿ, ತೊಗಲುಗೊಂಬೆ, ಗ್ಯಾಮೆಲಾನ್ ಎಂಬ ಕಂಚಿನ ವಾದ್ಯಮೇಳ ನೆನಪಾಗುತ್ತವೆ, ಅಲ್ವಾ? ಇವತ್ತು ಅವನ್ನೆಲ್ಲ ಬದಿಗಿಟ್ಟು ದಂಗ್‌ದುತ್ ಬಗ್ಗೆ ಮಾತಾಡುತ್ತೇನೆ. ಜಕಾರ್ತಾದ ಓಣಿಗಳಲ್ಲಿ, ಬಸ್ಸುಗಳಲ್ಲಿ, ಜಾವಾದ ಮದುವೆ ಚಪ್ಪರಗಳಲ್ಲಿ ಜೋರಾಗಿ ಕೇಳುವ ಹಾಡು ಇದು. ಪೇಟೆಯ ಓದಿದ ಜನ ಇದನ್ನು 'ಕಂಪುಂಗನ್', ಅಂದರೆ ಹಳ್ಳಿಗಮಾರರದ್ದು ಅಂತ ಮೂಗು ಮುರಿದರು. ಆಮೇಲೆ ಅವರಿಗೇ ಇದು ಬೇಕಾಯಿತು.

ಇದರ ಬೇರಿನಲ್ಲಿ ನಮ್ಮ ದೇಶದ ಪಾಲೂ ಇದೆ. 1950-60ರ ದಶಕಗಳಲ್ಲಿ ಅಲ್ಲಿ ಹಿಂದಿ ಸಿನಿಮಾಗಳು ಚೆನ್ನಾಗಿ ಓಡುತ್ತಿದ್ದವು. 'ಓರ್ಕೆಸ್ ಮೆಲಾಯು' ಎಂಬ ವಾದ್ಯತಂಡಗಳು ಆ ಧಾಟಿಗಳನ್ನು ಎತ್ತಿಕೊಂಡು ಮಲಯ ಹಾಡುಗಳ ಜೊತೆ ಬೆರೆಸಿದವು. ಆಗಿನ ಗಾಯಕಿ ಎಲ್ಯಾ ಖಾದಮ್ ಅವರ ಹೆಸರಾಂತ ಹಾಡೇ ಭಾರತದ ಗೊಂಬೆಯೊಂದರ ಬಗ್ಗೆ! ಕೊಳಲಿನ ಜೊತೆ ತಬಲಾದಂಥ ಜೋಡಿ ವಾದ್ಯವೂ ಇರುತ್ತದೆ. ದಂಗ್ ಅಂತ ಒಂದು ಪೆಟ್ಟು, ಅಂಗೈ ಒತ್ತಿ ಜಾರಿಸಿದಾಗ ದುತ್ ಅಂತ ಇನ್ನೊಂದು. ಆ ದುತ್ ಬಿದ್ದಾಗಲೇ ಸೊಂಟ ಕುಣಿಯುವುದು.

ಹಾಗಂತ ಸುಮ್ನೆ ನಕಲು ಅಂದುಬಿಟ್ಟರೆ ಅನ್ಯಾಯ. 1970ರ ದಶಕದಲ್ಲಿ ರೋಮಾ ಇರಾಮಾ ಬಂದರು. ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್‌ಗೆ ಮಾರುಹೋಗಿದ್ದ ಇವರು ತಮ್ಮ ಸೊನೆತಾ ತಂಡಕ್ಕೆ ಎಲೆಕ್ಟ್ರಿಕ್ ಗಿಟಾರ್ ತಂದರು. ಬಡತನ, ಜೂಜು, ಧರ್ಮ ಎಲ್ಲವೂ ಹಾಡಿಗೆ ಬಂದವು. ಜನ ಮುಗಿಬಿದ್ದರು. 1977ರ ಚುನಾವಣೆಯಲ್ಲಿ ಅವರು ಇಸ್ಲಾಮಿಕ್ ಪಕ್ಷವಾದ ಪಿಪಿಪಿ ಪರ ಪ್ರಚಾರಕ್ಕೆ ಇಳಿದರು. ಆಗಿನ ಸರ್ವಾಧಿಕಾರಿ ಅಧ್ಯಕ್ಷ ಸುಹಾರ್ತೊ ಅವರ ಸರ್ಕಾರಕ್ಕೆ ಸಿಟ್ಟು ಬಂತು. ಸರ್ಕಾರಿ ಟೀವಿಯಲ್ಲಿ ವರ್ಷಗಟ್ಟಲೆ ಅವರ ಮುಖ ಕಾಣಲಿಲ್ಲ. ಕ್ಯಾಸೆಟ್ ಮಾತ್ರ ಮನೆಮನೆಗೂ ಹೋಯಿತು. ತಮಾಷೆ ನೋಡಿ, 1997ರ ಹೊತ್ತಿಗೆ ಅದೇ ರೋಮಾ ಸುಹಾರ್ತೊ ಅವರ ಗೋಲ್ಕರ್ ಪಕ್ಷದ ಪರ ವೇದಿಕೆ ಹತ್ತಿದ್ದರು.

2003ರಲ್ಲಿ ಮೂಗು ಮುರಿಯುವ ಸರದಿ ರೋಮಾ ಅವರದ್ದೇ. ಪೂರ್ವ ಜಾವಾದ ಪಸುರುವಾನ್‌ನಿಂದ ಬಂದ ಗಾಯಕಿ ಇನುಲ್ ದರಾತಿಸ್ತಾ, ಡ್ರಿಲ್ ಮೆಷಿನ್ ತಿರುಗಿದ ಹಾಗೆ ಸೊಂಟ ತಿರುಗಿಸುತ್ತಿದ್ದರು. ಊರೂರಿನ ಕಾರ್ಯಕ್ರಮಗಳ ಕಳ್ಳ ವಿಸಿಡಿಗಳೇ ಆಕೆಯನ್ನು ದೇಶಕ್ಕೆಲ್ಲ ಪರಿಚಯಿಸಿದವು. ಇದು ಅಶ್ಲೀಲ, ದಂಗ್‌ದುತ್‌ಗೆ ಅವಮಾನ ಅಂತ ರೋಮಾ ಹರಿಹಾಯ್ದರು. ಮಾಜಿ ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್, ಅವರೂ ದೊಡ್ಡ ಧರ್ಮಗುರುವೇ, ಇನುಲ್ ಬೆನ್ನಿಗೆ ನಿಂತರು. ನನಗಂತೂ ವಾಹಿದ್ ಮಾತೇ ಸರಿ ಅನಿಸುತ್ತದೆ. ಹೊಟ್ಟೆಪಾಡಿಗೆ ಕುಣಿಯುವ ಹೆಣ್ಣುಮಗಳಿಗೆ ಮಾತ್ರ ನೀತಿಪಾಠ ಯಾಕೆ?

ಊರ ಕಡೆಯ ಕಾರ್ಯಕ್ರಮ ನೋಡಿದರೆ ಈ ಹೊಟ್ಟೆಪಾಡು ಅರ್ಥವಾಗುತ್ತದೆ. ಹಾಡು ನಡೆಯುತ್ತಿರುವಾಗಲೇ ಜನ ವೇದಿಕೆ ಹತ್ತುತ್ತಾರೆ. ಗಾಯಕಿಯ ಎದುರು ಕುಣಿಯುತ್ತಾ ಒಂದೊಂದೇ ನೋಟು ಕೊಡುತ್ತಾರೆ. ಇದಕ್ಕೆ 'ಸಾವೆರ್' ಅನ್ನುತ್ತಾರೆ. ಆಕೆ ನಗುತ್ತಾ ನೋಟು ತಗೋಬೇಕು, ಶ್ರುತಿ ತಪ್ಪಬಾರದು, ಅತಿಯಾಗಿ ಹತ್ತಿರ ಬಂದವನನ್ನು ನಯವಾಗಿ ದೂರವೂ ಇಡಬೇಕು. ಸುಲಭದ ಕೆಲಸವಲ್ಲ.

ಇನುಲ್ ಬಂದ ಪೂರ್ವ ಜಾವಾದಲ್ಲೇ 'ಕೊಪ್ಲೊ' ಎಂಬ ಓಟದ ದಂಗ್‌ದುತ್ ಬೆಳೆಯಿತು. ಇಲ್ಲಿ ತಾಳವಾದ್ಯಕ್ಕೆ ಪುರುಸೊತ್ತೇ ಇಲ್ಲ. ಹಾಡಿನ ಮಾತು ಎಷ್ಟೋ ಸಲ ರಾಷ್ಟ್ರಭಾಷೆಯದ್ದಲ್ಲ, ಜಾವಾನೀಸ್. ಅದು ಬರದವರೂ ಯೂಟ್ಯೂಬ್‌ನಲ್ಲಿ ಕೇಳಿ ಗುನುಗುತ್ತಾರೆ. ಈ ಕೊಪ್ಲೊದಿಂದಲೇ ಹೆಸರಾದ ವಿಯಾ ವಾಲೆನ್, 2018ರ ಏಷ್ಯನ್ ಗೇಮ್ಸ್‌ನ ಅಧಿಕೃತ ಹಾಡು ಹಾಡಿದರು.

2022ರ ಆಗಸ್ಟ್ 17, ಅವರ ಸ್ವಾತಂತ್ರ್ಯೋತ್ಸವ. ಅಧ್ಯಕ್ಷರ ಮೆರ್ದೆಕಾ ಅರಮನೆಯಲ್ಲಿ ಬಾನ್ಯುವಾಂಗಿಯ 12 ವರ್ಷದ ಫಾರೆಲ್ ಪ್ರಯೋಗ ಹಾಡಿದ. ಹಾಡು ಜಾವಾನೀಸ್‌ನದ್ದು: ನನ್ನನ್ನು ಇನ್ನೊಬ್ಬನ ಜೊತೆ ಹೋಲಿಸಬೇಡ ಅಂತ ಪ್ರೇಮಿ ಗೋಗರೆಯುವುದು. ಸಾಂಪ್ರದಾಯಿಕ ಉಡುಗೆಯಲ್ಲಿ ಗಂಭೀರವಾಗಿ ಕುಳಿತಿದ್ದ ಮಂತ್ರಿಗಳು ಎದ್ದು ಬಂದು ಕುಣಿದರು. ಆ ವಿಡಿಯೊ ಈಗ ಹಾಕುತ್ತೇನೆ, ನೋಡಿ. ಪ್ರಶ್ನೆಗಳನ್ನು ಆಮೇಲೆ ತಗೊಳ್ಳೋಣ.