ಬೈದವರು ಕಂಡದ್ದು

ಕೇಳುಗರಿಗೆ ನಮಸ್ಕಾರ. ಇವತ್ತು ಕೆಲವು ಚಿತ್ರಗಳ ಬಗ್ಗೆ, ಅವನ್ನು ಬೈದ ಟೀಕಾಕಾರರ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ರೇಡಿಯೊದಲ್ಲಿ ಚಿತ್ರ ತೋರಿಸೋಕೆ ಆಗುವುದಿಲ್ಲ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ನೀವು ಕಣ್ಣು ಮುಚ್ಚಿಕೊಂಡು ನೋಡಿಕೊಳ್ಳಿ.

ಚಳಿಗಾಲದ ಬೆಳಿಗ್ಗೆ. ಉತ್ತ ಹೊಲ. ಸಾಲುಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕೂತಿದೆ. ಅದರ ಸಂದಿಯಲ್ಲಿ ಹಳದಿ, ಕಂದು, ಒಂದಿಷ್ಟು ಹಸಿರು. ಒಬ್ಬ ಮನುಷ್ಯ ಬೆನ್ನ ಮೇಲೆ ಸೌದೆ ಹೊರೆ ಹೊತ್ತು ಕೋಲೂರಿಕೊಂಡು ದಾರಿ ಹಿಡಿದು ನಡೆಯುತ್ತಿದ್ದಾನೆ. ಹೊಲದ ಅಡ್ಡಕ್ಕೆ ಉದ್ದುದ್ದ ನೆರಳು ಬಿದ್ದಿವೆ, ನೀಲಿ ಛಾಯೆಯ ನೆರಳು. ಮರಗಳದ್ದು. ಆದರೆ ಆ ಮರಗಳು ಚಿತ್ರದಲ್ಲಿ ಇಲ್ಲವೇ ಇಲ್ಲ! ಚೌಕಟ್ಟಿನ ಆಚೆ ಎಲ್ಲೋ ನಿಂತಿವೆ.

ಇದು ಕಮೀಯ್ ಪಿಸಾರೊ ಅನ್ನುವ ಚಿತ್ರಕಾರ 1873ರಲ್ಲಿ ಬರೆದದ್ದು. ಪ್ಯಾರಿಸ್ಸಿಗೆ ಹತ್ತಿರದ ಪೊಂತ್ವಾಸ್ ಅನ್ನುವ ಊರಿನ ಕಡೆಯ ಹೊಲ ಅದು. ಈಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಅದರ ಮುಂದೆ ನಿಂತಾಗ ನನಗೆ ಮೊದಲು ಅನ್ನಿಸಿದ್ದು ಚಳಿ. ಕಾಲಿನ ಕೆಳಗೆ ಮಣ್ಣು ಗಟ್ಟಿಯಾಗಿದೆ, ಬಿಸಿಲು ಈಗ ತಾನೇ ಬಂದಿದೆ, ಇನ್ನೊಂದು ಗಂಟೆಯಲ್ಲಿ ಈ ಬೆಳ್ಳಗಿನದು ಏನೂ ಇರುವುದಿಲ್ಲ ಅನ್ನುವುದು ಯಾರೂ ಹೇಳದೆ ಗೊತ್ತಾಗುತ್ತದೆ. ಹತ್ತಿರ ಹೋದರೆ ಮಾತ್ರ ಹೊಲ ಕಾಣುವುದಿಲ್ಲ. ಬಣ್ಣ ಕಾಣುತ್ತದೆ, ಒಣಗಿದ, ಗಂಟುಗಂಟಾದ ಬಣ್ಣ.

1874ರ ಏಪ್ರಿಲ್ 15ರಂದು ಈ ಚಿತ್ರ ಜನರ ಮುಂದೆ ಬಂತು. ಮೊನೆ, ರೆನ್ವಾರ್, ದೆಗಾ, ಸಿಸ್ಲೆ, ಸೆಜಾನ್, ಬರ್ಥ್ ಮೊರಿಸೊ, ಪಿಸಾರೊ, ಹೀಗೆ ಸುಮಾರು 30 ಜನ ಕಲಾವಿದರು ಸೇರಿಕೊಂಡು ತಮ್ಮದೇ ಖರ್ಚಿನಲ್ಲಿ ಪ್ರದರ್ಶನ ಇಟ್ಟಿದ್ದರು. ಜಾಗ, ಪ್ಯಾರಿಸ್ಸಿನ ಬುಲ್ವಾರ್ ದೆ ಕಪುಸೀನ್ ರಸ್ತೆಯಲ್ಲಿ ಫೋಟೊಗ್ರಾಫರ್ ನಾದಾರ್ ಬಿಟ್ಟುಹೋಗಿದ್ದ ಸ್ಟುಡಿಯೊ. ಟಿಕೆಟ್ ಒಂದು ಫ್ರಾಂಕ್. ಒಂದು ತಿಂಗಳಲ್ಲಿ ಬಂದವರು ಸುಮಾರು 3500 ಜನ. ಸರ್ಕಾರದ ಸಲೋನ್ ಪ್ರದರ್ಶನಕ್ಕಾದರೆ ಲಕ್ಷಗಟ್ಟಲೆ ಜನ ಹೋಗುತ್ತಿದ್ದ ಕಾಲ ಅದು. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಒಬ್ಬೊಬ್ಬರ ತಲೆ ಮೇಲೆ 184 ಫ್ರಾಂಕ್ ಐವತ್ತು ಸೆಂಟೀಮ್ ಸಾಲ ಉಳಿದಿತ್ತು.

ಪ್ರದರ್ಶನ ಶುರುವಾದ ಹತ್ತು ದಿನಕ್ಕೆ ಶಾರಿವಾರಿ ಅನ್ನುವ ಹಾಸ್ಯ ಪತ್ರಿಕೆಯಲ್ಲಿ ಲೂಯಿ ಲೆರ್ವಾ ಒಂದು ಲೇಖನ ಬರೆದ. ಮೊನೆಯ ‘ಇಂಪ್ರೆಷನ್, ಸನ್‌ರೈಸ್’ ಅನ್ನುವ ಚಿತ್ರದ ಹೆಸರನ್ನೇ ಹಿಡಿದು ಇಡೀ ಗುಂಪಿಗೆ ಇಂಪ್ರೆಷನಿಸ್ಟರು ಅಂತ ಹೆಸರಿಟ್ಟು ಆಡಿಕೊಂಡ ಲೇಖನ. ಅದು ತುಂಬಾ ಜನರಿಗೆ ಗೊತ್ತು. ಆದರೆ ಲೇಖನ ಪೂರ್ತಿ ಓದಿದವರು ಕಡಿಮೆ ಅಂತ ಕಾಣುತ್ತದೆ, ಮತ್ತು ನಾನು ಇವತ್ತು ಹೇಳಬೇಕು ಅಂತಿರುವುದು ಅಲ್ಲೇ ಇದೆ. ಮೆಡಲ್ಲು ಪಡೆದ ಹಳೇಕಾಲದ ಚಿತ್ರಕಾರನೊಬ್ಬನನ್ನು ಲೆರ್ವಾ ಕಲ್ಪಿಸಿಕೊಂಡು ಅವನ ಜೊತೆ ಕೋಣೆ ಕೋಣೆ ಸುತ್ತುತ್ತಾನೆ. ಒಂದೊಂದು ಚಿತ್ರ ನೋಡಿದ ಹಾಗೂ ಆ ಪಾಪದ ಮುದುಕನ ತಲೆ ಸ್ವಲ್ಪ ಸ್ವಲ್ಪವೇ ಕೆಡುತ್ತಾ ಹೋಗಿ, ಕೊನೆಗೆ ಬಾಗಿಲಲ್ಲಿ ನಿಂತ ಕಾವಲುಗಾರನನ್ನೂ ಒಂದು ಚಿತ್ರ ಅಂದುಕೊಳ್ಳುತ್ತಾನೆ. ಪಿಸಾರೊನ ಹೊಲದ ಮುಂದೆ ಅವನು ಏನಂತಾನೆ ಗೊತ್ತಾ? ಇದು ಹೊಲವೇ, ಇದು ಹಿಮವೇ, ಬಣ್ಣದ ಹಲಗೆಯಿಂದ ಕೆರೆದ ಚೂರುಗಳನ್ನು ಕೊಳಕು ಬಟ್ಟೆಯ ಮೇಲೆ ಒಂದೇ ಸಮನೆ ಮೆತ್ತಿದ್ದಾರೆ ಅಷ್ಟೇ, ಇದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ ಅಂತಾನೆ.

ಈಗ ನೋಡಿ. ನಾನು ಹತ್ತಿರ ಹೋದಾಗ ಕಂಡದ್ದೂ ಅದೇ ಅಲ್ವಾ? ಕೆರೆದು ಮೆತ್ತಿದ ಬಣ್ಣ. ಅವನ ಕಣ್ಣು ಸುಳ್ಳು ಹೇಳಿಲ್ಲ.

ಇನ್ನೊಬ್ಬ ಟೀಕಾಕಾರರಿದ್ದರು, ಕಾಸ್ತಾನ್ಯಾರಿ. ಅವರು ಈ ಗುಂಪಿನ ಪರವಾಗಿ ಬರೆದವರು. ಇವರು ಬರೆಯುವುದು ಪ್ರದೇಶವನ್ನಲ್ಲ, ಪ್ರದೇಶ ನಮ್ಮಲ್ಲಿ ಎಬ್ಬಿಸುವ ಅನುಭವವನ್ನು ಅಂತ ಆಗಲೇ ಗುರುತಿಸಿದ್ದರು. ಅಂಥವರಿಗೂ ಇದೇ ಚಿತ್ರದಲ್ಲಿ ಒಂದು ವಿಷಯ ಸರಿಬರಲಿಲ್ಲ. ಯಾವುದು? ನೆರಳು. ಚೌಕಟ್ಟಿನ ಹೊರಗಿನ ಮರದ ನೆರಳನ್ನು ಒಳಗೆ ತರುವುದು ದೊಡ್ಡ ತಪ್ಪು, ನೋಡುವವರಿಗೆ ಕಾಣದ ಮರವನ್ನು ಅವರು ಊಹಿಸಿಕೊಳ್ಳಬೇಕೇ ಅಂತ ಆಕ್ಷೇಪ ಎತ್ತಿದರು. ನನಗೆ ಆ ಚಿತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದೇ ಆ ನೆರಳು. ಮರ ಆಚೆ ಇದೆ ಅಂದರೆ ಆಚೆಗೂ ಲೋಕ ಇದೆ ಅಂತ ಆಯಿತು, ನಾನೂ ಆ ಮರಗಳ ಹತ್ತಿರ ಎಲ್ಲೋ ನಿಂತಿದ್ದೇನೆ ಅಂತ ಆಯಿತು. ಆದರೂ ಆ ನೆರಳನ್ನು ಗಮನಿಸಿ ನೋಡೋಕೆ ನನಗೆ ಕಲಿಸಿದ್ದು ಕಾಸ್ತಾನ್ಯಾರಿಯ ಆಕ್ಷೇಪವೇ.

ಇದೇ ನಾನು ಹೇಳಬೇಕಾದ ಮಾತು. ಆ ಕಾಲದ ಟೀಕಾಕಾರರನ್ನು ದಡ್ಡರು, ಕುರುಡರು ಅಂತ ಆಡಿಕೊಳ್ಳುವುದು ಈಗ ಅಭ್ಯಾಸವಾಗಿಬಿಟ್ಟಿದೆ. ನನಗೆ ಅದು ಸರಿ ಕಾಣುವುದಿಲ್ಲ. ಅವರು ತುಂಬಾ ಚೆನ್ನಾಗಿ ನೋಡಿದರು. ಈ ಚಿತ್ರಗಳಲ್ಲಿ ಹೊಸದು ಏನಿತ್ತೋ ಸರಿಯಾಗಿ ಅದರ ಮೇಲೇ ಬೆರಳಿಟ್ಟರು, ಇಟ್ಟು ಇದೇ ದೋಷ ಅಂದರು.

ಅವರ ಕಡೆಯಿಂದಲೂ ಸ್ವಲ್ಪ ಯೋಚಿಸಿ. ಸಲೋನ್‌ನಲ್ಲಿ ಮೆಚ್ಚುಗೆ ಪಡೆಯುತ್ತಿದ್ದ ಚಿತ್ರ ಅಂದರೆ ಪುರಾಣ, ಇತಿಹಾಸ, ದೊಡ್ಡ ಅಳತೆ, ಕುಂಚ ಆಡಿದ ಗುರುತೇ ಕಾಣದ ಹಾಗೆ ನಯ ಮಾಡಿದ ಮೈ. ಬಯಲಲ್ಲಿ ಕೂತು ಬೇಗ ಬೇಗ ಬಳಿದದ್ದು ಕರಡು. ಅದನ್ನು ಸ್ಟುಡಿಯೊಗೆ ತಂದು ತಿಂಗಳುಗಟ್ಟಲೆ ತಿದ್ದಿದರೆ ಚಿತ್ರ. 1841ರಲ್ಲಿ ತವರದ ಟ್ಯೂಬಿನಲ್ಲಿ ಬಣ್ಣ ತುಂಬುವ ಉಪಾಯ ಬಂದಮೇಲೆ ಹೊರಗೆ ಕೂತು ಎಣ್ಣೆ ಬಣ್ಣದಲ್ಲಿ ಬರೆಯುವುದು ಸುಲಭವಾಗಿತ್ತು, ನಿಜ, ಆದರೆ ಕರಡನ್ನೇ ಚೌಕಟ್ಟು ಹಾಕಿ ಬೆಲೆ ಬರೆದು ತೂಗುಹಾಕಿದರೆ ನೋಡಿದವರಿಗೆ ಮೋಸ ಅನ್ನಿಸದೆ ಇರುತ್ತದೆಯೇ? ಕೂಲಿ ಪೂರ್ತಿ ಕೇಳಿ ಕೆಲಸ ಅರ್ಧಕ್ಕೆ ಬಿಟ್ಟಂತೆ ಕಂಡಿತು ಅವರಿಗೆ.

ಮೊನೆಯ ಇನ್ನೊಂದು ಚಿತ್ರ ಹೇಳುತ್ತೇನೆ. ಪ್ರದರ್ಶನ ನಡೆದ ಅದೇ ರಸ್ತೆಯನ್ನು ನಾದಾರ್‌ನ ಸ್ಟುಡಿಯೊದ ಮೇಲಿನಿಂದ ನೋಡಿ ಬರೆದದ್ದು. ಕೆಳಗೆ ಜನ ಗಿಜಿಗಿಜಿ ಓಡಾಡುತ್ತಿದ್ದಾರೆ. ಒಬ್ಬೊಬ್ಬರಿಗೂ ಕುಂಚದ ಒಂದೋ ಎರಡೋ ಎಳೆತ, ಅಷ್ಟೇ. ಮುಖ ಇಲ್ಲ, ಕೈ ಇಲ್ಲ. ಲೆರ್ವಾನ ಮುದುಕ ಕೇಳುತ್ತಾನೆ, ಕೆಳಗಡೆ ನಾಲಿಗೆಯಿಂದ ನೆಕ್ಕಿದ ಹಾಗೆ ಕಾಣುವ ಈ ಕಪ್ಪು ಗುರುತುಗಳು ಏನು ಅಂತ. ಅವು ನಡೆದಾಡುವ ಜನ ಅಂದರೆ, ಹಾಗಾದರೆ ನಾನು ಆ ರಸ್ತೆಯಲ್ಲಿ ನಡೆಯುವಾಗ ಹೀಗೆ ಕಾಣುತ್ತೇನೆಯೇ ಅಂತ ಸಿಟ್ಟಾಗುತ್ತಾನೆ. ಹೌದು, ಹಾಗೇ ಕಾಣುತ್ತಾನೆ! ಮೇಲಿನ ಮಹಡಿಯಿಂದ ಸಂತೆ ದಿನ ಒಂದು ಸಲ ಕೆಳಗೆ ನೋಡಿ. ನಮಗೆ ಕಾಣುವುದು ಚುಕ್ಕೆ, ಗೀಟು, ಚಲನೆ. ಅದು ಮನುಷ್ಯರು ಅಂತ ಗೊತ್ತಿರುವುದರಿಂದ ಕೈಕಾಲು ಮುಖ ನಾವೇ ಸೇರಿಸಿಕೊಳ್ಳುತ್ತೇವೆ. ಮೊನೆ ಸೇರಿಸಲಿಲ್ಲ. ಪ್ರದರ್ಶನಕ್ಕೆ ಬಂದವರು ಕಿಟಕಿಯಿಂದ ಬಗ್ಗಿ ನೋಡಿದ್ದರೂ ಸಾಕಿತ್ತು ಅಂತ ನನಗೆ ಪದೇ ಪದೇ ಅನ್ನಿಸುತ್ತದೆ.

ಹೆಸರು ಕೊಟ್ಟ ಆ ಚಿತ್ರವನ್ನೂ ಹೇಳದೆ ಇರೋಕಾಗಲ್ಲ. ಲ ಹಾವ್ರ್ ಬಂದರು, ಮುಂಜಾನೆಯ ಮಂಜು, ಎರಡು ಮೂರು ದೋಣಿ, ಕಿತ್ತಳೆ ಬಣ್ಣದ ಸೂರ್ಯ. ಇನ್ನೂ ಮುಗಿಯದ ಗೋಡೆ ಕಾಗದವೇ ಇದಕ್ಕಿಂತ ಪೂರ್ತಿಯಾಗಿರುತ್ತದೆ ಅಂತ ಲೆರ್ವಾ ಬರೆದದ್ದು ಇದರ ಬಗ್ಗೆ. ಕೈಯಲ್ಲಿ ಮೊಬೈಲ್ ಇದ್ದರೆ ಒಂದು ಕೆಲಸ ಮಾಡಿ. ಚಿತ್ರ ಹುಡುಕಿ ತೆಗೆದು ಅದನ್ನು ಕಪ್ಪು ಬಿಳುಪು ಮಾಡಿ. ಸೂರ್ಯ ಹೆಚ್ಚುಕಮ್ಮಿ ಮಾಯವಾಗಿಬಿಡುತ್ತಾನೆ. ಯಾಕೆಂದರೆ ಮೊನೆ ಸೂರ್ಯನಿಗೆ ಸುತ್ತಲಿನ ಬೂದು ಮಂಜಿಗಿಂತ ಜಾಸ್ತಿ ಬೆಳಕು ಕೊಟ್ಟೇ ಇಲ್ಲ, ಬರೀ ಬಣ್ಣ ಬೇರೆ ಮಾಡಿದ್ದಾನೆ. ಬಣ್ಣದಲ್ಲಿ ನೋಡಿದಾಗ ಮಾತ್ರ ಅದು ಕೆಂಡದ ಹಾಗೆ ಮಿಡಿಯುತ್ತದೆ. ಇದನ್ನು ಮುಗಿಯದ ಕೆಲಸ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಆ ಬೈಗುಳಗಳಿಂದ ಆದ ನೋವು ಸಣ್ಣದಲ್ಲ, ಅದನ್ನು ಮುಚ್ಚಿಡಬಾರದು. 1875ರ ಮಾರ್ಚಿನಲ್ಲಿ ಮೊನೆ, ರೆನ್ವಾರ್, ಸಿಸ್ಲೆ, ಮೊರಿಸೊ ತಮ್ಮ ಚಿತ್ರಗಳನ್ನು ಹರಾಜಿಗಿಟ್ಟರು. ಜನ ಕೂಗಾಡಿದ ರಭಸಕ್ಕೆ ಪೊಲೀಸರನ್ನು ಕರೆಸಬೇಕಾಯಿತು. ಮರುವರ್ಷ ಎರಡನೆಯ ಪ್ರದರ್ಶನ ಆದಾಗ ಫಿಗಾರೊ ಪತ್ರಿಕೆಯಲ್ಲಿ ಆಲ್ಬರ್ ವುಲ್ಫ್, ಐದಾರು ಜನ ಹುಚ್ಚರು, ಅವರಲ್ಲೊಬ್ಬಳು ಹೆಂಗಸು ಅಂತ ಬರೆದ. ಆ ಹೆಂಗಸು ಬರ್ಥ್ ಮೊರಿಸೊ. ಸಿಸ್ಲೆ ಅಂತೂ ಕೊನೆಯವರೆಗೂ ಬಡತನದಲ್ಲೇ ಬದುಕಿ 1899ರ ಜನವರಿಯಲ್ಲಿ ತೀರಿಕೊಂಡ. ಮರುವರ್ಷವೇ ಅವನ ಪ್ರವಾಹದ ಚಿತ್ರವೊಂದು 43,000 ಫ್ರಾಂಕಿಗೆ ಹೋಯಿತು. ಇದನ್ನು ನೆನೆದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದೇ ವುಲ್ಫ್ ರೆನ್ವಾರ್‌ನ ಒಂದು ಚಿತ್ರವನ್ನು ಹಿಡಿದು ಬೈದ. ಮರದ ಕೆಳಗೆ ಸೊಂಟದವರೆಗೆ ಬರಿಮೈಯ ಹುಡುಗಿ, ಕೂದಲು ಬಿಚ್ಚಿಕೊಂಡಿದೆ, ಎಲೆಗಳ ಸಂದಿಯಿಂದ ಬಿಸಿಲು ಮೈಮೇಲೆ ಬಿದ್ದಿದೆ. ಹೆಣ್ಣಿನ ಮೈ ಅಂದರೆ ಹಸಿರು, ನೇರಳೆ ಕಲೆಗಳಿರುವ ಕೊಳೆತ ಮಾಂಸ ಅಲ್ಲ ಅಂತ ರೆನ್ವಾರ್‌ಗೆ ಯಾರಾದರೂ ತಿಳಿಸಿ ಹೇಳಿ ಅಂದ. ಚಿತ್ರ ನೋಡಿ, ಭುಜದ ಮೇಲೆ, ಎದೆಯ ಮೇಲೆ ಹಸಿರಿದೆ, ನೇರಳೆಯೂ ಇದೆ. ವುಲ್ಫ್ ಬಣ್ಣಗಳ ಹೆಸರನ್ನು ಸರಿಯಾಗೇ ಹೇಳಿದ್ದಾನೆ. ಎಲೆ ಸೋಸಿ ಕಳಿಸಿದ ಬೆಳಕು ಚರ್ಮದ ಮೇಲೆ ಬಿದ್ದಾಗ ಆ ಬಣ್ಣಗಳೇ ಬರುತ್ತವೆ. ಆ ಹುಡುಗಿಯ ಮುಖದ ನೆಮ್ಮದಿ ಅವನಿಗೆ ಯಾಕೆ ಕಾಣಲಿಲ್ಲವೋ! ನನಗಂತೂ ಆ ಚಿತ್ರದಲ್ಲಿ ಮೊದಲು ತಟ್ಟುವುದು ಚರ್ಮದ ಬಿಸಿ, ಜೀವ ಇರುವ ಮೈಯ ಬಿಸಿ.

ಈ ಚಿತ್ರ ಗುಸ್ತಾವ್ ಕೈಬೊತ್ ಕೈಗೆ ಬಂತು. ಆತ ಅನುಕೂಲಸ್ಥ, ಸ್ವತಃ ಚಿತ್ರಕಾರ, ಗೆಳೆಯರು ಕಷ್ಟದಲ್ಲಿದ್ದಾಗ ಅವರ ಚಿತ್ರಗಳನ್ನು ಕೊಂಡು ಇಟ್ಟುಕೊಂಡವನು. 1894ರಲ್ಲಿ ಸಾಯುವಾಗ ಎಲ್ಲವನ್ನೂ ಫ್ರಾನ್ಸ್ ಸರ್ಕಾರಕ್ಕೆ ಬರೆದಿಟ್ಟಿದ್ದ, ಇವನ್ನು ಯಾವುದೋ ಅಟ್ಟದಲ್ಲಿ ಇಡಬಾರದು ಅಂತ ಷರತ್ತು ಹಾಕಿ. ಸಲೋನ್‌ನ ದೊಡ್ಡ ಹೆಸರು ಜೆರೋಮ್, ಇಂಥ ಹೊಲಸನ್ನು ಸರ್ಕಾರ ತೆಗೆದುಕೊಂಡರೆ ದೇಶದ ನೀತಿಯೇ ಕೆಟ್ಟಿದೆ ಅಂತ ಅರ್ಥ ಅಂದ. ವರ್ಷಗಟ್ಟಲೆ ಚೌಕಾಸಿ ನಡೆದು ಸರ್ಕಾರ ಒಂದಷ್ಟನ್ನು ಬಿಟ್ಟು ಸುಮಾರು 40 ಚಿತ್ರಗಳನ್ನು ಒಪ್ಪಿಕೊಂಡಿತು. ಒಪ್ಪಿಕೊಂಡವುಗಳಲ್ಲಿ ರೆನ್ವಾರ್‌ನ ಆ ಹುಡುಗಿಯೂ ಇದ್ದಳು. ಈಗ ಅವಳು ಇರುವುದು ಪಿಸಾರೊನ ಹೊಲ ಇರುವ ಅದೇ ಓರ್ಸೆಯಲ್ಲಿ. ವುಲ್ಫ್ ಹೇಳಿದ ಕಲೆಗಳೆಲ್ಲ ಹಾಗೇ ಇವೆ, ಭುಜದಿಂದ ಶುರುಮಾಡಿ ನೋಡಿ.

ನಮಸ್ಕಾರ.