ಆಲ್ಟೊ ಬಿಟ್ಟು ಟೆನರ್ ಹಿಡಿದು ನಾಲ್ಕು ವಾರ

ಊದುವ ತುದಿಯಾದ ಮೌತ್‌ಪೀಸ್ ಜೋಡಿಸುವುದನ್ನು ನೀವು ಈ ವಿಡಿಯೋದಲ್ಲಿ ನೋಡುತ್ತಲೇ ಇದ್ದೀರಿ, ಅದನ್ನು ವಿವರಿಸುವುದಿಲ್ಲ. ಆರು ವರ್ಷ ಆಲ್ಟೊ ಸ್ಯಾಕ್ಸೋಫೋನ್ ನುಡಿಸಿದ ಮೇಲೆ ಅದಕ್ಕಿಂತ ದೊಡ್ಡದಾದ, ಕೆಳಗಿನ ಶ್ರುತಿಯ ಟೆನರ್ ಕೈಗೆತ್ತಿಕೊಂಡು ಇಂದಿಗೆ ನಾಲ್ಕು ವಾರಗಳಾದವು. ಸ್ಯಾಕ್ಸೋಫೋನನ್ನು ರೂಪಿಸಿದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದದ್ದು ಒಂದೇ ವಾದ್ಯಕ್ಕಲ್ಲ, ಹಲವು ಗಾತ್ರಗಳ ಇಡೀ ಬಳಗಕ್ಕೆ. ಬೆರಳಿಡುವ ಕ್ರಮ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಒಂದನ್ನು ಕಲಿತವರಿಗೆ ಇನ್ನೊಂದು ತಾನಾಗಿ ಒಲಿಯುತ್ತದೆಂದು ನಂಬಿದ್ದೆ. ಬೆರಳುಗಳ ಮಟ್ಟಿಗೆ ಅದು ನಿಜ. ತುಟಿ ಮತ್ತು ಉಸಿರಿನ ಮಟ್ಟಿಗೆ ಶುದ್ಧ ಸುಳ್ಳು.

ಈಗ ಕೇಳಿಸಿದ ಗೊರಗೊರ ಸದ್ದನ್ನು ಬೇಕೆಂದೇ ಕತ್ತರಿಸದೆ ಉಳಿಸಿದ್ದೇನೆ. ತೀರ ಕೆಳಗಿನ ಸಿ, ಬಿ, ಬಿ ಫ್ಲಾಟ್ ಸ್ವರಗಳಿಗೆ ಇಳಿದಾಗಲೆಲ್ಲ ನಾದ ನಡುಗಿ, ಒಡೆದು, ಮೇಲಿನ ಸ್ಥಾಯಿಗೆ ಹಾರುತ್ತಿತ್ತು. ರಂಧ್ರಗಳನ್ನು ಮುಚ್ಚುವ ಪ್ಯಾಡ್ ಸೋರುತ್ತಿರಬೇಕೆಂದು ಮೊದಲ ವಾರ ವಾದ್ಯದೊಳಗೆ ಸಣ್ಣ ದೀಪ ಇಳಿಬಿಟ್ಟು, ಒಂದೊಂದು ಪ್ಯಾಡಿನ ಅಂಚಿನಲ್ಲೂ ಬೆಳಕು ನುಸುಳುವುದೇ ಎಂದು ಹುಡುಕಿದೆ, ಎಲ್ಲಿಯೂ ನುಸುಳಲಿಲ್ಲ. ಎರಡನೆಯ ವಾರ ಮೌತ್‌ಪೀಸಿನಲ್ಲಿ ಕಂಪಿಸುವ ತೆಳು ಪಟ್ಟಿಯಾದ ರೀಡಿನ ಮೇಲೆ ಅನುಮಾನ ಬಂದು ಮೂರನೆಯ ಸಂಖ್ಯೆಯ ಗಡಸು ರೀಡಿನಿಂದ ಎರಡೂವರೆಯ ಮೆದು ರೀಡಿಗೆ ಇಳಿದೆ. ಊದುವುದು ಹಗುರವಾಯಿತೇ ಹೊರತು ಗೊರಗೊರ ನಿಲ್ಲಲಿಲ್ಲ. ಕೊನೆಗೆ ಬರೀ ಮೌತ್‌ಪೀಸನ್ನು ಊದಿದಾಗ ಶ್ರುತಿ ಅಳೆಯುವ ಟ್ಯೂನರ್ ‘ಎ’ ತೋರಿಸಿತು. ಆಲ್ಟೊ ಮೌತ್‌ಪೀಸಿಗೆ 880 ಹರ್ಟ್ಸ್‌ನ ಆ ‘ಎ’ ಸರಿ. ಟೆನರ್‌ಗೆ ಸಾಮಾನ್ಯವಾಗಿ ಹೇಳುವ ಗುರಿ ಅದರ ಕೆಳಗಿನ ‘ಜಿ’. ದೋಷವಿದ್ದದ್ದು ವಾದ್ಯದಲ್ಲಲ್ಲ, ಆಲ್ಟೊಗೆ ಒಗ್ಗಿಹೋಗಿದ್ದ ನನ್ನ ದವಡೆಯ ಬಿಗಿಯಲ್ಲಿ. ಮೌತ್‌ಪೀಸನ್ನು ಇನ್ನಷ್ಟು ಬಾಯೊಳಗೆ ತೆಗೆದುಕೊಂಡು, ತುಟಿಯ ಮೂಲೆಗಳನ್ನಷ್ಟೇ ಹಿಡಿದು, ‘ಓ’ ಎನ್ನುವಂತೆ ದವಡೆ ಇಳಿಸಿದರೆ ಅದೇ ಬಿ ಫ್ಲಾಟ್ ಹೇಗೆ ತುಂಬಿ ಬರುತ್ತದೆ, ಕೇಳಿ.

ಟೆನರ್ ಆಲ್ಟೊಗಿಂತ ಸುಮಾರು ಒಂದು ಕಿಲೋ ಭಾರ. ಕುತ್ತಿಗೆಯ ಪಟ್ಟಿ ಬಿಟ್ಟು ಎರಡೂ ಭುಜಗಳಿಗೆ ಹಾಕುವ ಪಟ್ಟಿ ಕಟ್ಟಿಕೊಂಡ ದಿನವೇ ನೋವು ಇಳಿಯಿತು. ಇನ್ನೂ ಪಳಗದಿರುವುದು ಕಿವಿ. ಸ್ವರಲಿಪಿಯಲ್ಲಿ ಬರೆದ ‘ಸಿ’ಗೆ ಆಲ್ಟೊದಲ್ಲಿ ಕೇಳುವುದು ಇ ಫ್ಲಾಟ್, ಟೆನರ್‌ನಲ್ಲಿ ಬಿ ಫ್ಲಾಟ್, ಬಾಯಿಪಾಠವಾದ ಹಾಡುಗಳಲ್ಲಿ ಬೆರಳು ಒಂದು ಕಡೆ, ಕಿವಿ ಇನ್ನೊಂದು ಕಡೆ ಎಳೆಯುತ್ತವೆ.

ಟೆನರ್ ನಿಧಾನದ ವಾದ್ಯ, ಚುರುಕು ಬೇಕಾದವರು ಆಲ್ಟೊ ಬಿಡಬಾರದು ಎಂದು ಮೊದಲ ವಾರ ಹೇಳಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಜಾಝ್‌ನ ಹೆಸರಾಂತ ಟೆನರ್ ವಾದಕ ಸನ್ನಿ ರೋಲಿನ್ಸ್ ಕೂಡ ಆಲ್ಟೊದಿಂದಲೇ ಟೆನರ್‌ಗೆ ಬಂದವರು, ಅವರ ವೇಗದ ನುಡಿಸಾಣಿಕೆ ಕೇಳಿದ ಮೇಲೆ ಹಾಗೆನ್ನಲು ಬಾಯಿ ಬರುವುದಿಲ್ಲ. ನಿನ್ನೆ ಮತ್ತೆ ಆಲ್ಟೊ ಎತ್ತಿಕೊಂಡಾಗ ಅದರ ಶ್ರುತಿ ಇಳಿದಿತ್ತು, ಈಗ ದವಡೆ ಅಲ್ಲಿ ಸಡಿಲ. ಬೆಳಕು ಹೋಗುತ್ತಿದೆ, ಆ ಬಿ ಫ್ಲಾಟನ್ನು ಇನ್ನೊಮ್ಮೆ ಊದಿ ಕ್ಯಾಮೆರಾ ನಿಲ್ಲಿಸುತ್ತೇನೆ.